ಷೇಲ್ ಅನಿಲವೂ ರೈತನ ಲೆಕ್ಕವೂ

ನಮ್ಮ ಸೀಮೆಯಲ್ಲಿ ಗೋರೀಕಾಯಿಯನ್ನು ಅರಿಯದ ಮನೆಯಿಲ್ಲ. ಮೈಸೂರಿನ ಕಡೆಯವರು ಗೋರೀಕಾಯಿಯೆಂದೂ, ಧಾರವಾಡದ ಕಡೆಯವರು ಚವಳೀಕಾಯಿಯೆಂದೂ ಕರೆಯುವ ಈ ಪೈರು ಹಿತ್ತಿಲಲ್ಲಿಯೂ ಹೊಲದ ಅಂಚಿನಲ್ಲಿಯೂ ಹೆಚ್ಚಿನ ಆರೈಕೆಯನ್ನು ಬೇಡದೆ ಬೆಳೆದು, ಪಲ್ಯಕ್ಕೂ ಹುಳಿಗೂ ಒದಗುತ್ತದೆ. ಇಂತಹ ಸಾಧಾರಣವಾದ ಕಾಯಿಯ ಬೀಜಕ್ಕೆ 2012ನೆಯ ಇಸವಿಯಲ್ಲಿ ರಾಜಸ್ಥಾನದ ಪೇಟೆಗಳಲ್ಲಿ ಕ್ವಿಂಟಾಲೊಂದಕ್ಕೆ 30,000 ರೂಪಾಯಿಗಳ ಸಮೀಪದ ಧಾರಣೆ ಬಂದಿತೆಂದರೆ ವಾಚಕರಿಗೆ ಆಶ್ಚರ್ಯವಾಗದಿರದು. ಆ ಧಾರಣೆಯ ಕಾರಣವು ಯಾರ ಅಡಿಗೆಯ ಮನೆಯಲ್ಲಿಯೂ ಇರಲಿಲ್ಲ. ಸಮುದ್ರಗಳಾಚೆ, ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನೆಲದಡಿಯಲ್ಲಿ, ಸಾವಿರಾರು ಅಡಿಗಳ ಆಳದಲ್ಲಿದ್ದ ಒಂದು ಬಗೆಯ ಕಲ್ಲಿನಲ್ಲಿತ್ತು. ನಾಲ್ಕು ವರ್ಷ ಕಳೆಯುವುದರೊಳಗಾಗಿ ಅದೇ ಬೀಜದ ಧಾರಣೆಯು ಮೂರು ನಾಲ್ಕು ಸಾವಿರಕ್ಕೆ ಇಳಿಯಿತು. ಇಳಿದುದಕ್ಕೂ ಕಾರಣವು ಬಹುಮಟ್ಟಿಗೆ ಅಲ್ಲಿಯೇ ಇತ್ತು.

ಆ ಕಲ್ಲಿಗೆ ಷೇಲ್ ಎಂದು ಹೆಸರು. ಅದರಿಂದ ತೆಗೆಯುವ ನೈಸರ್ಗಿಕ ಅನಿಲದ ಉದ್ಯಮವನ್ನು ಕುರಿತು ಇಂಜಿನಿಯರುಗಳೂ ವರ್ತಕರೂ ಬೇಕಾದಷ್ಟು ಬರೆದಿದ್ದಾರೆ. ರೈತನ ಲೆಕ್ಕದ ಪುಸ್ತಕದಲ್ಲಿ ಈ ಉದ್ಯಮವು ಯಾವ ಪುಟದಲ್ಲಿ ಜಮೆಯಾಗಿಯೂ ಯಾವ ಪುಟದಲ್ಲಿ ಖರ್ಚಾಗಿಯೂ ಬಂದಿದೆಯೆಂಬುದನ್ನು ವಿಚಾರಿಸಿದವರು ವಿರಳ. ಆ ವಿಚಾರವನ್ನು ಇಲ್ಲಿ ಕೈಕೊಳ್ಳಲಾಗಿದೆ.

ಅನಿಲವನ್ನು ತೆಗೆಯುವ ಕ್ರಮ

ಷೇಲ್ ಎಂಬುದು ಪುರಾತನ ಕಾಲದಲ್ಲಿ ಜಲಾಶಯಗಳ ತಳದಲ್ಲಿ ನೆಲೆನಿಂತ ನುಣ್ಣನೆಯ ಕೆಸರು ಒತ್ತಡದಿಂದ ಗಟ್ಟಿಯಾಗಿ, ಪದರ ಪದರವಾಗಿ ಕೂಡಿದ ಜೇಡಿಕಲ್ಲು. ಆ ಕೆಸರಿನಲ್ಲಿ ಹೂತುಹೋದ ಜೀವರಾಶಿಗಳ ಅವಶೇಷಗಳು ಕಾಲಕ್ರಮದಲ್ಲಿ ಅನಿಲವಾಗಿ ಮಾರ್ಪಟ್ಟು ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಸೆರೆಯಾಗಿವೆ. ಮರಳುಗಲ್ಲಿನಲ್ಲಿರುವ ಅನಿಲವು ಬಾವಿ ಕೊರೆದರೆ ತಾನಾಗಿ ಹರಿದು ಬರುವುದು. ಷೇಲಿನ ಅನಿಲವು ಹಾಗೆ ಬಾರದು, ಕಲ್ಲನ್ನೇ ಬಿರಿಯಿಸಬೇಕು.

ಅಮೆರಿಕಾದಲ್ಲಿ ನ್ಯೂಯಾರ್ಕ್ ಸಂಸ್ಥಾನದ ಫ್ರೆಡೋನಿಯಾ ಎಂಬ ಊರಿನಲ್ಲಿ 1821ರಲ್ಲಿ ವಿಲಿಯಂ ಹಾರ್ಟ್ ಎಂಬಾತನು 27 ಅಡಿ ಆಳದ ಬಾವಿಯನ್ನು ತೋಡಿ ಷೇಲಿನ ಅನಿಲವನ್ನು ದೀಪಕ್ಕಾಗಿ ಉಪಯೋಗಿಸಿದನು. ದ್ರವದ ಒತ್ತಡದಿಂದ ಕಲ್ಲನ್ನು ಬಿರಿಯಿಸುವ ಕ್ರಮದ ಮೊದಲ ಪ್ರಯೋಗವು 1947ರಲ್ಲಿ ಕಾನ್ಸಾಸ್ ಸಂಸ್ಥಾನದಲ್ಲಿ ನಡೆಯಿತು. ಆದರೆ ಅದು ಬೇರೆ ಬಗೆಯ ಕಲ್ಲಿನಲ್ಲಿ. ಷೇಲಿನಿಂದ ಲಾಭಕರವಾಗಿ ಅನಿಲವನ್ನು ತೆಗೆಯುವ ಮಾರ್ಗವನ್ನು ಟೆಕ್ಸಾಸಿನ ಬಾರ್ನೆಟ್ ಎಂಬ ಷೇಲ್ ಪ್ರದೇಶದಲ್ಲಿ ಜಾರ್ಜ್ ಮಿಚೆಲ್ ಎಂಬವರ ಕಂಪೆನಿಯವರು 1981ರಿಂದ ಹುಡುಕುತ್ತಿದ್ದು, ಹದಿನೇಳು ವರ್ಷಗಳ ತರುವಾಯ, 1998ರಲ್ಲಿ, ಸಾಧಿಸಿದರು. ಇದಕ್ಕೆ ಅಡ್ಡವಾಗಿ ಕೊರೆಯುವ ವಿದ್ಯೆಯೂ ಸೇರಿತು. ಬಾವಿಯು ಸಾವಿರಾರು ಅಡಿ ಕೆಳಗಿಳಿದು, ಷೇಲಿನ ಪದರವನ್ನು ಮುಟ್ಟಿದೊಡನೆ ಬಾಗಿ, ಒಂದೆರಡು ಮೈಲಿ ಅಡ್ಡಲಾಗಿ ಸಾಗುತ್ತದೆ. ಅನಂತರ ನೀರು, ಮರಳು ಮತ್ತು ಹೆಚ್ಚೆಂದರೆ ನೂರಕ್ಕೆ ಒಂದೆರಡು ಪಾಲು ರಾಸಾಯನಿಕಗಳನ್ನು ಮಹತ್ತರವಾದ ಒತ್ತಡದಿಂದ ಒಳಕ್ಕೆ ನುಗ್ಗಿಸುತ್ತಾರೆ. ಕಲ್ಲು ಬಿರಿಯುತ್ತದೆ, ಬಿರುಕು ಮತ್ತೆ ಮುಚ್ಚದಂತೆ ಮರಳಿನ ಕಣಗಳು ಬೆಣೆಯಾಗಿ ನಿಲ್ಲುತ್ತವೆ, ಅನಿಲವು ಹೊರಬರುತ್ತದೆ.

ಇದರ ಫಲವು ಅಗಾಧವಾದುದು. 2000ನೆಯ ಇಸವಿಯಲ್ಲಿ ಆ ದೇಶದ ಅನಿಲದ ಉತ್ಪತ್ತಿಯಲ್ಲಿ ಷೇಲಿನ ಪಾಲು ನೂರಕ್ಕೆ ಒಂದೆರಡು ಮಾತ್ರವಿದ್ದುದು, 2023ರಲ್ಲಿ ಒಟ್ಟು ಉತ್ಪತ್ತಿಯ ಮುಕ್ಕಾಲು ಪಾಲನ್ನು ಮೀರಿತ್ತು. ಅನಿಲವನ್ನು ಪರದೇಶಗಳಿಂದ ತರಿಸಿಕೊಳ್ಳಬೇಕಾದೀತೆಂದು ಒಂದು ಕಾಲಕ್ಕೆ ಚಿಂತಿಸಿದ್ದ ಆ ದೇಶವು, 2016ರಲ್ಲಿ ಲೂಯಿಸಿಯಾನಾದ ಸೇಬೈನ್ ಪಾಸ್ ರೇವಿನಿಂದ ದ್ರವರೂಪದ ಅನಿಲವನ್ನು ಹೊರಕ್ಕೆ ಕಳುಹಿಸಲಾರಂಭಿಸಿ, 2023ರಲ್ಲಿ ಪ್ರಪಂಚದಲ್ಲಿಯೇ ಅತ್ಯಧಿಕವಾಗಿ ದ್ರವಾನಿಲವನ್ನು ರಫ್ತು ಮಾಡಿದ ದೇಶವಾಯಿತು.

ಉದ್ಯಮದ ಸ್ವಭಾವ

ಇಷ್ಟು ವೃದ್ಧಿಯನ್ನು ಹೊಂದಿದ ಉದ್ಯಮದಲ್ಲಿ ಸ್ಥಿರತೆಯಿಲ್ಲವೆಂದರೆ ವಿರೋಧವಾಗಿ ತೋರಬಹುದು. ಆದರೆ ವಸ್ತುಸ್ಥಿತಿ ಹಾಗಿದೆ. ಷೇಲಿನ ಬಾವಿಯೊಂದರಿಂದ ಹೊರಡುವ ಅನಿಲವು ಸಾಮಾನ್ಯವಾಗಿ ಮೊದಲನೆಯ ವರ್ಷದಲ್ಲಿಯೇ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಆದುದರಿಂದ ಉತ್ಪತ್ತಿಯು ಇದ್ದಷ್ಟೇ ಇರಬೇಕಾದರೂ ಹೊಸ ಹೊಸ ಬಾವಿಗಳನ್ನು ಕೊರೆಯುತ್ತಲೇ ಇರಬೇಕು. ಕೊರೆಯುವುದಕ್ಕೆ ಸಾಲ ಬೇಕು. ಸಾಲ ತೀರಬೇಕಾದರೆ ಧಾರಣೆ ನಿಲ್ಲಬೇಕು. ಎಲ್ಲರೂ ಕೊರೆದರೆ ಧಾರಣೆ ನಿಲ್ಲುವುದಿಲ್ಲ. ಎಲ್ಲರೂ ಒಂದೇ ವರ್ಷ ಈರುಳ್ಳಿಯನ್ನಿಟ್ಟು ಕೆಟ್ಟ ಹೋಬಳಿಗಳನ್ನು ಕಂಡಿರುವ ನಮ್ಮ ರೈತರಿಗೆ ಈ ಸಂಗತಿಯನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಅನಿಲದ ವ್ಯಾಪಾರದಲ್ಲಿ ಹತ್ತು ಲಕ್ಷ ಬ್ರಿಟಿಷ್ ಉಷ್ಣಮಾನವೆಂಬುದು ಅಳತೆ. ಅಮೆರಿಕಾದ ಪೇಟೆಯಲ್ಲಿ ಆ ಅಳತೆಯ ಅನಿಲಕ್ಕೆ 2008ರ ಮಧ್ಯಭಾಗದಲ್ಲಿ ಸುಮಾರು 13 ಡಾಲರುಗಳಿದ್ದ ಕ್ರಯವು, 2012ರ ಏಪ್ರಿಲ್ ತಿಂಗಳಲ್ಲಿ 2 ಡಾಲರುಗಳಿಗೂ ಕೆಳಗಿಳಿಯಿತು. 2022ರ ಆಗಸ್ಟಿನಲ್ಲಿ 8 ಡಾಲರುಗಳನ್ನು ಮೀರಿತು; 2024ರಲ್ಲಿ ಸರಾಸರಿಯಾಗಿ ಮತ್ತೆ 2 ಡಾಲರುಗಳಿಗೆ ಸ್ವಲ್ಪ ಮೇಲೆ ನಿಂತಿತು. ಈ ಉದ್ಯಮದಲ್ಲಿ ಅಗ್ರಗಣ್ಯವೆನಿಸಿದ್ದ ಚೆಸಪೀಕ್ ಎಂಬ ಕಂಪೆನಿಯೇ 2020ರ ಜೂನ್ ತಿಂಗಳಲ್ಲಿ ಸಾಲ ತೀರಿಸಲಾರದೆ ನ್ಯಾಯಾಲಯದ ಮೊರೆಹೊಕ್ಕು, ಮರುವರ್ಷ ಹೊರಬಂದಿತು. ಕೊರೆಯುವ ಯಂತ್ರಗಳ ಲೆಕ್ಕವೂ ಇದನ್ನೇ ಹೇಳುತ್ತದೆ. ತೈಲಕ್ಕೂ ಅನಿಲಕ್ಕೂ ಸೇರಿ ಆ ದೇಶದಲ್ಲಿ 2011ರ ಕೊನೆಗೆ ಸುಮಾರು 2,000 ಯಂತ್ರಗಳು ಕೆಲಸ ಮಾಡುತ್ತಿದ್ದುವು. 2016ರ ಮೇ ತಿಂಗಳಲ್ಲಿ 404 ಮಾತ್ರ ಉಳಿದಿದ್ದುವು. ಈ ಎರಡು ಅಂಕಿಗಳನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಗೋರೀಬೀಜದ ಕಥೆಯಲ್ಲಿ ಇವು ಮತ್ತೆ ಬೇಕಾಗುವುವು.

ನೆಲವೂ ನೀರೂ

ಮೊದಲು, ಯಾರ ಹೊಲದಲ್ಲಿ ಬಾವಿಗಳು ಬಿದ್ದುವೋ ಆ ರೈತರ ಲೆಕ್ಕವನ್ನು ನೋಡೋಣ. ಅಮೆರಿಕಾದಲ್ಲಿ ನೆಲದಡಿಯ ಖನಿಜವೂ ಸಾಮಾನ್ಯವಾಗಿ ನೆಲದ ಒಡೆಯನಿಗೇ ಸೇರತಕ್ಕದ್ದಾದುದರಿಂದ, ಪೆನ್ಸಿಲ್ವೇನಿಯಾ ಸಂಸ್ಥಾನದ ಹೈನುಗಾರರು ತಮ್ಮ ಹೊಲಗಳನ್ನು ಕಂಪೆನಿಗಳಿಗೆ ಗುತ್ತಿಗೆಗೆ ಕೊಟ್ಟರು. ಹುಟ್ಟುವಳಿಯಲ್ಲಿ ಎಂಟನೆಯ ಒಂದು ಪಾಲಿಗೆ ಕಡಮೆಯಿಲ್ಲದೆ ಒಡೆಯನಿಗೆ ಸಲ್ಲಬೇಕೆಂದು ಅಲ್ಲಿ 1979ರ ಶಾಸನವಿದೆ. ಈ ಹಣದಿಂದ ಸಾಲ ತೀರಿಸಿಕೊಂಡವರೂ ಕೊಟ್ಟಿಗೆಯನ್ನು ಹೊಸದಾಗಿ ಕಟ್ಟಿಸಿಕೊಂಡವರೂ ಉಂಟು. ಆದರೆ ಅನಿಲವನ್ನು ಶುದ್ಧಿಮಾಡಿ ಪೇಟೆಗೆ ಸಾಗಿಸುವ ಖರ್ಚನ್ನು ಕಳೆದು ಉಳಿದುದರಲ್ಲಿ ಆ ಪಾಲನ್ನು ಲೆಕ್ಕಮಾಡಬಹುದೆಂದು 2010ರಲ್ಲಿ ಆ ಸಂಸ್ಥಾನದ ಅತ್ಯುನ್ನತ ನ್ಯಾಯಾಲಯವು ತೀರ್ಪುಕೊಟ್ಟಿತು. ಕರಾರಿನಲ್ಲಿ ಖರ್ಚಿನ ವಿಚಾರವನ್ನು ಬರೆಯಿಸಿಕೊಳ್ಳದೆ ರುಜುಹಾಕಿದವರ ಪಾಲು ಕುಗ್ಗಿತು.

ನೀರಿನ ವಿಚಾರದಲ್ಲಿ ಎರಡು ಪಕ್ಷದವರೂ ಅತಿಯಾಗಿ ಮಾತನಾಡಿದ್ದಾರೆ. ಬಾವಿಯೊಂದಕ್ಕೆ 15 ಲಕ್ಷ ಗ್ಯಾಲನುಗಳಿಂದ ಮೊದಲಾಗಿ 1 ಕೋಟಿ 60 ಲಕ್ಷ ಗ್ಯಾಲನುಗಳವರೆಗೆ ನೀರು ಬೇಕಾಗುತ್ತದೆ. 50 ಲಕ್ಷ ಗ್ಯಾಲನೆಂದು ಇಟ್ಟುಕೊಂಡರೆ ಸುಮಾರು 1 ಕೋಟಿ 90 ಲಕ್ಷ ಲೀಟರುಗಳಾಗುವುವು. ಕೇಳುವುದಕ್ಕೆ ಇದು ಭಯಂಕರವಾಗಿದ್ದರೂ, ಒಂದು ಬೆಳೆಗೆ ನಾಲ್ಕು ಅಡಿ ನೀರನ್ನು ಬೇಡುವ ಭತ್ತದ ಗದ್ದೆಯಾದರೆ ನಾಲ್ಕು ಎಕರೆಗೆ ಸಾಲುವಷ್ಟು ಮಾತ್ರ. ಹಾಗಾದರೆ ದೂರಿಗೆ ಆಧಾರವಿಲ್ಲವೇ ಎಂದರೆ, ಇದೆ. ಗದ್ದೆಗೆ ಬಿಟ್ಟ ನೀರಿನಲ್ಲಿ ಒಂದು ಪಾಲು ನೆಲಕ್ಕಿಂಗಿ ಮತ್ತೆ ಬಾವಿಗೆ ಬರುವುದು. ಷೇಲಿಗೆ ಬಿಟ್ಟ ನೀರಿನಲ್ಲಿ ಬಹುಭಾಗ ಪಾತಾಳದಲ್ಲಿಯೇ ಉಳಿದುಹೋಗುವುದು. ಹಿಂದಿರುಗಿ ಬಂದ ಭಾಗವೂ ಸಮುದ್ರದ ನೀರನ್ನು ಮೀರಿದ ಉಪ್ಪಿನಿಂದಲೂ, ಆಳದ ಕಲ್ಲಿನ ಬೇರಿಯಂ, ರೇಡಿಯಂ ಮುಂತಾದ ಧಾತುಗಳಿಂದಲೂ ಕೂಡಿದ್ದು ಯಾವ ಪೈರಿಗೂ ಸಲ್ಲದು. ಅದನ್ನು ಎಲ್ಲಿ ಹಾಕತಕ್ಕದ್ದೆಂಬುದೇ ದೊಡ್ಡ ಪ್ರಶ್ನೆ. ಒಕ್ಲಹೋಮಾ ಸಂಸ್ಥಾನದಲ್ಲಿ ತೈಲ ಮತ್ತು ಅನಿಲದ ಬಾವಿಗಳ ಇಂತಹ ಹೊಲಸು ನೀರನ್ನು ನೆಲದಾಳಕ್ಕೆ ತುಂಬುತ್ತ ಬಂದುದರಿಂದ ಭೂಕಂಪಗಳು ಹೆಚ್ಚಿ, 2016ರ ಸೆಪ್ಟೆಂಬರಿನಲ್ಲಿ ಪಾನೀ ಎಂಬಲ್ಲಿ 5.8 ಪ್ರಮಾಣದ ಕಂಪವಾಯಿತು.

ಇನ್ನೊಂದು ಕೇಡು ಬಾವಿಯ ಕೊಳವೆಯ ಸುತ್ತ ಹಾಕುವ ಸಿಮೆಂಟಿನ ಕೆಲಸವು ಕೆಟ್ಟದಾದರೆ ಬರುವುದು. ಪೆನ್ಸಿಲ್ವೇನಿಯಾದ ಡಿಮಾಕ್ ಎಂಬ ಗ್ರಾಮದಲ್ಲಿ 2009ರ ಹೊಸ ವರ್ಷದ ದಿನ ಒಂದು ಮನೆಯ ನೀರಿನ ಬಾವಿಯು ಅನಿಲ ತುಂಬಿ ಸಿಡಿಯಿತು. 2010ರ ವೇಳೆಗೆ ಹದಿನೆಂಟು ಕುಡಿಯುವ ನೀರಿನ ಬಾವಿಗಳು ಕೆಟ್ಟಿರುವುದಾಗಿ ಸಂಸ್ಥಾನದ ಅಧಿಕಾರಿಗಳು ನಿರ್ಣಯಿಸಿದರು. ಆ ಮನೆಗಳಿಗೆ ಕೊಳಾಯಿ ನೀರನ್ನು ಒದಗಿಸುವುದಕ್ಕೆ ಕಂಪೆನಿಯು 1 ಕೋಟಿ 60 ಲಕ್ಷ ಡಾಲರುಗಳಿಗೆ ಮೇಲ್ಪಟ್ಟು ಕೊಡಲು ಒಪ್ಪಿದುದು 2022ರ ನವೆಂಬರಿನಲ್ಲಿ. ನೀರು ಕೆಟ್ಟುದು ಒಂದು ವರ್ಷದಲ್ಲಿ, ಪರಿಹಾರ ದೊರೆತುದು ಹದಿಮೂರು ವರ್ಷಗಳ ಮೇಲೆ! ಬಾವಿಯನ್ನು ಕೊರೆಯುವುದಕ್ಕೆ ಮುಂಚೆಯೇ ಸುತ್ತಲಿನ ನೀರನ್ನು ಪರೀಕ್ಷೆಮಾಡಿಸಿ ಬರೆದಿಟ್ಟುಕೊಳ್ಳದಿದ್ದ ಕಡೆಗಳಲ್ಲಿ, ಕೇಡಿಗೆ ಯಾರು ಹೊಣೆಯೆಂಬುದನ್ನು ಸ್ಥಾಪಿಸುವುದೇ ಕಷ್ಟವಾಗುತ್ತದೆ. ನ್ಯೂಯಾರ್ಕ್ ಸಂಸ್ಥಾನದವರು 2014ರಲ್ಲಿ ಈ ಕ್ರಮವನ್ನು ನಿಷೇಧಿಸುವುದಾಗಿ ಪ್ರಕಟಿಸಿ 2020ರಲ್ಲಿ ಶಾಸನವಾಗಿ ಮಾಡಿದರು. ಫ್ರಾನ್ಸ್ ದೇಶದವರು 2011ರಲ್ಲಿಯೇ ನಿಷೇಧಿಸಿದರು.

ಗೋರೀಬೀಜದ ಕಥೆ

ಈಗ ನಮ್ಮ ದೇಶದ ರೈತನ ಲೆಕ್ಕ. ಗೋರೀಬೀಜದ ಬಿಳಿಯ ಭಾಗವನ್ನು ಬೀಸಿ ತೆಗೆದ ಹಿಟ್ಟು ನೀರಿನಲ್ಲಿ ಬೆರೆತರೆ ನೀರು ಗಂಜಿಯಂತೆ ದಪ್ಪವಾಗುತ್ತದೆ. ದಪ್ಪನಾದ ನೀರು ಮರಳನ್ನು ಮುಳುಗಗೊಡದೆ ಕಲ್ಲಿನ ಬಿರುಕಿನ ಕೊನೆಯವರೆಗೆ ಹೊತ್ತುಕೊಂಡು ಹೋಗುತ್ತದೆ. ಈ ಕಾರಣದಿಂದ ಅಮೆರಿಕಾದ ತೈಲ ಮತ್ತು ಅನಿಲದ ಬಾವಿಗಳಿಗೆ ಈ ಅಂಟುಹಿಟ್ಟು ಟನ್ನುಗಟ್ಟಲೆ ಬೇಕಾಯಿತು. ಪ್ರಪಂಚದ ಗೋರೀಬೀಜದಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲನ್ನು ಬೆಳೆಯತಕ್ಕದ್ದು ಭಾರತ. ಅದರಲ್ಲಿಯೂ ಹೆಚ್ಚಿನ ಪಾಲು ರಾಜಸ್ಥಾನದ ಒಣಭೂಮಿಯದು.

2012ರ ಮಾರ್ಚ್ ತಿಂಗಳಲ್ಲಿ ಧಾರಣೆಯು ಮಿತಿಮೀರಿದುದರಿಂದ ಮುಂಗಡ ವ್ಯಾಪಾರವನ್ನು ಸರ್ಕಾರದ ಆಯೋಗವು ನಿಲ್ಲಿಸಬೇಕಾಯಿತು. ಅದು ಮತ್ತೆ ಆರಂಭವಾದುದು 2013ರ ಮೇ ತಿಂಗಳಲ್ಲಿ. 2012–13ರಲ್ಲಿ ಸುಮಾರು 4 ಲಕ್ಷ ಟನ್ನು ಅಂಟು ರಫ್ತಾಗಿ ದೇಶಕ್ಕೆ 21,000 ಕೋಟಿ ರೂಪಾಯಿಗಳಿಗೆ ಮೇಲ್ಪಟ್ಟು ಬಂದಿತು. ಆ ವರ್ಷ ರಾಜಸ್ಥಾನದ ಅನೇಕ ರೈತರು ಕಂಡರಿಯದ ಹಣವನ್ನು ಕಂಡರು. ದಕ್ಷಿಣದ ಸೀಮೆಗಳಲ್ಲಿಯೂ ಈ ಬೀಜವನ್ನು ಬಿತ್ತಬೇಕೆಂಬ ಆಸೆ ಹಬ್ಬಿತು. ಆದರೆ ಕ್ರಯ ಹೆಚ್ಚಾದಾಗ ಕೊಳ್ಳುವವನು ಕೈಕಟ್ಟಿ ಕುಳಿತಿರಲಿಲ್ಲ. ಅಂಟಿಲ್ಲದೆ, ತೆಳುವಾದ ನೀರಿಗೆ ಬೇರೆ ರಾಸಾಯನಿಕವನ್ನು ಸ್ವಲ್ಪವಾಗಿ ಬೆರೆಸಿ ಬಾವಿಯನ್ನು ಬಿರಿಯಿಸುವ ಕ್ರಮವು ಅವನ ಕೈಯಲ್ಲಿ ಮೊದಲೇ ಇತ್ತು; 1998ರಲ್ಲಿ ಬಾರ್ನೆಟ್ ಪ್ರದೇಶದಲ್ಲಿ ಫಲಿಸಿದ ಪ್ರಯೋಗವೇ ಅದು. ಮೇಲಾಗಿ 2014ರ ಉತ್ತರಾರ್ಧದಿಂದ ತೈಲದ ಕ್ರಯವೂ ಕುಸಿದು, ಮೇಲೆ ಹೇಳಿದಂತೆ ಎರಡು ಸಾವಿರ ಯಂತ್ರಗಳು ನಾಲ್ಕು ನೂರಾದುವು. 2016–17ರಲ್ಲಿ ಹೆಚ್ಚು ಕಡಮೆ ಅಷ್ಟೇ, ಎಂದರೆ 4 ಲಕ್ಷ ಟನ್ನಿಗೆ ಸ್ವಲ್ಪ ಹೆಚ್ಚಾಗಿಯೇ, ಅಂಟು ಹೊರಹೋದರೂ ಬಂದ ಹಣವು ಸುಮಾರು 3,100 ಕೋಟಿ ರೂಪಾಯಿ ಮಾತ್ರ. ತೂಕವು ಅದೇ, ಕ್ರಯವು ಏಳನೆಯ ಒಂದು ಪಾಲಿಗೆ ಇಳಿದಿತ್ತು. ಗೋರೀಬೀಜವು ಸರ್ಕಾರದವರು ಕನಿಷ್ಠ ಬೆಂಬಲ ಧಾರಣೆಯನ್ನು ಗೊತ್ತುಮಾಡುವ ಬೆಳೆಗಳ ಪಟ್ಟಿಯಲ್ಲಿ ಇಲ್ಲದ ಕಾರಣ, ಬೀಳುವವನ ಕಾಲಿಗೆ ಆಸರೆಯಾಗತಕ್ಕ ಮೆಟ್ಟಿಲೂ ಇರಲಿಲ್ಲ.

ಇದರಲ್ಲಿ ಬೀಜದ ದೋಷವೇನೂ ಇಲ್ಲ. ಗೋರಿಯು ಒಳ್ಳೆಯ ಪೈರು: ಮಳೆ ಕಡಮೆಯಾದರೂ ತಡೆದುಕೊಳ್ಳುತ್ತದೆ, ಬೇರಿನ ಗಂಟುಗಳಿಂದ ನೆಲಕ್ಕೆ ಸಾರಜನಕವನ್ನು ಕೊಡುತ್ತದೆ, ಅಂಟು ತೆಗೆದು ಉಳಿದ ಭಾಗವು ದನಗಳಿಗೆ ಪುಷ್ಟಿಕರವಾದ ಮೇವು. ಕೆಟ್ಟುದು ಬೆಳೆಯಲ್ಲ, ಬೆಳೆಯ ಮೇಲೆ ಕಟ್ಟಿದ ಆಸೆ.

ನಮ್ಮ ಗೊಬ್ಬರದ ಚೀಲ

ಕರ್ನಾಟಕದಲ್ಲಿ ಷೇಲಿನಿಂದ ಅನಿಲವನ್ನು ತೆಗೆಯತಕ್ಕ ಬಾವಿಗಳಿಲ್ಲ. ನಮ್ಮಲ್ಲಿ ಗೋರಿಯೂ ಬಹುಮಟ್ಟಿಗೆ ತರಕಾರಿಯೇ. ಆದಾಗ್ಯೂ ನಾವು ಈ ಲೆಕ್ಕದಿಂದ ಹೊರಗಿಲ್ಲ. ಯೂರಿಯಾದ ಮೂಲದ್ರವ್ಯವು ನೈಸರ್ಗಿಕ ಅನಿಲ. ಅನಿಲದಿಂದ ಜಲಜನಕವನ್ನು ಬೇರ್ಪಡಿಸಿ, ಗಾಳಿಯ ಸಾರಜನಕದೊಡನೆ ಕೂಡಿಸಿದರೆ ಅಮೋನಿಯಾ. ಅದನ್ನು ಇಂಗಾಲಾಮ್ಲ ವಾಯುವಿನೊಡನೆ ಕೂಡಿಸಿದರೆ ನೂರಕ್ಕೆ 46 ಪಾಲು ಸಾರಜನಕವುಳ್ಳ ಯೂರಿಯಾ. 450 ಕಿಲೋಮೀಟರು ಉದ್ದದ ಕೊಚ್ಚಿ–ಮಂಗಳೂರು ಅನಿಲದ ಕೊಳವೆಮಾರ್ಗವು 2021ರ ಜನವರಿ 5ರಂದು ರಾಷ್ಟ್ರಕ್ಕೆ ಸಮರ್ಪಿತವಾಯಿತು. ಹಿಂದೆ ನ್ಯಾಫ್ತಾದಿಂದ ನಡೆಯುತ್ತಿದ್ದ ಪಣಂಬೂರಿನ ಗೊಬ್ಬರದ ಕಾರ್ಖಾನೆಗೆ ಈ ಮಾರ್ಗದಿಂದ ಅನಿಲವು ದೊರೆಯಿತು. ಮಹಾರಾಷ್ಟ್ರದ ದಾಭೋಳದಿಂದ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಮಾರ್ಗವಾಗಿ ಬೆಂಗಳೂರಿಗೆ ಬರುವ ಇನ್ನೊಂದು ಕೊಳವೆಯು 2013ರಿಂದ ಇದೆ. ಅಮೆರಿಕಾದ ಸೇಬೈನ್ ಪಾಸಿನಿಂದ ವರ್ಷಕ್ಕೆ 35 ಲಕ್ಷ ಟನ್ನಿನಂತೆ ಇಪ್ಪತ್ತು ವರ್ಷ ಅನಿಲವನ್ನು ಕೊಳ್ಳುವ ಕರಾರನ್ನು 2011ರಲ್ಲಿ ಮಾಡಿಕೊಂಡ ಗೇಲ್ ಸಂಸ್ಥೆಯ ಮೊದಲನೆಯ ಹಡಗು 2018ರ ಮಾರ್ಚಿನಲ್ಲಿ ಬಂದು ತಂಗಿದುದು ಈ ದಾಭೋಳದಲ್ಲಿಯೇ.

ಯಾವ ಹಡಗಿನ ಅನಿಲವು ಯಾವ ಚೀಲದ ಗೊಬ್ಬರವಾಯಿತೆಂದು ಹೇಳಲಾಗದು. ಆದರೆ ಧಾರಣೆಗಳು ಒಂದೇ ಸಮುದ್ರದ ಅಲೆಗಳಂತೆ ಏರಿಳಿಯುತ್ತವೆ. ರಷ್ಯಾ ಮತ್ತು ಯುಕ್ರೇನುಗಳ ಯುದ್ಧದ ದೆಸೆಯಿಂದ ಅನಿಲದ ಕ್ರಯವು ಏರಿದ 2022–23ರಲ್ಲಿ, ಕೇಂದ್ರ ಸರ್ಕಾರದವರು ರಸಗೊಬ್ಬರಗಳ ಸಹಾಯಧನಕ್ಕಾಗಿ ಎರಡೂವರೆ ಲಕ್ಷ ಕೋಟಿ ರೂಪಾಯಿಗಳಷ್ಟನ್ನು ವೆಚ್ಚಮಾಡಬೇಕಾಯಿತು. ಬೇವಿನ ಲೇಪದ ಖರ್ಚನ್ನೂ ತೆರಿಗೆಯನ್ನೂ ಬಿಟ್ಟು 242 ರೂಪಾಯಿಗಳಿಗೆ 45 ಕಿಲೋಗ್ರಾಂ ಚೀಲವನ್ನು ಕೊಂಡ ರೈತನಿಗೆ ಆ ಅಲೆಯು ತಾಗಲಿಲ್ಲ; ಮಧ್ಯೆ ಬೊಕ್ಕಸವು ಕಟ್ಟೆಯಾಗಿ ನಿಂತಿತ್ತು. ಕಟ್ಟೆಯು ಎಂದೆಂದಿಗೂ ಇದ್ದಷ್ಟೇ ಎತ್ತರವಾಗಿರುವುದೆಂದು ನಂಬಿ ಹೊಲಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿ ಯೂರಿಯಾವನ್ನು ಚೆಲ್ಲುವುದು ವಿವೇಕವಲ್ಲ.

ನಮ್ಮ ಅಭಿಪ್ರಾಯ

ಷೇಲ್ ಅನಿಲವನ್ನು ನಿಂದಿಸುವುದು ಈ ಲೇಖನದ ಉದ್ದೇಶವಲ್ಲ. ಕಲ್ಲಿದ್ದಲಿಗಿಂತ ಹೊಗೆ ಕಡಮೆಯಾದ ಉರುವಲನ್ನು ಅದು ಲೋಕಕ್ಕೆ ಕೊಟ್ಟಿದೆ; ಸೋರಿಹೋಗುವ ಮೀಥೇನು ವಾಯುಮಂಡಲವನ್ನು ಬಿಸಿಮಾಡುವ ದೋಷವೂ ಅದಕ್ಕುಂಟು. ನಮ್ಮ ಮಾತು ಇಷ್ಟೆ: ಮೊದಲನೆಯ ವರ್ಷದಲ್ಲಿಯೇ ಅರ್ಧಕ್ಕಿಳಿಯುವ ಬಾವಿಯನ್ನೂ, ಹದಿಮೂರರಿಂದ ಎರಡಕ್ಕೆ ಬೀಳುವ ಧಾರಣೆಯನ್ನೂ ನಂಬಿ ನಡೆಯುವ ಉದ್ಯಮದ ಮೇಲೆ ರೈತನು ತನ್ನ ಹೊಲದ ಆಯವ್ಯಯವನ್ನು ಕಟ್ಟತಕ್ಕದ್ದಲ್ಲ. ಲಾಭ ಬಂದರೆ ತೆಗೆದುಕೊಳ್ಳಲಿ. ಅದನ್ನು ಆಧಾರಸ್ತಂಭವೆಂದು ಎಣಿಸದಿರಲಿ.

ಇದರಿಂದ ಕರ್ತವ್ಯವಾಗಿ ತೋರುವ ಅಂಶಗಳು ನಾಲ್ಕು. ಮೊದಲನೆಯದಾಗಿ, ಗೋರಿಯಂತಹ ಬೆಳೆಯನ್ನು ಅಂಟಿಗಾಗಿ ಬೆಳೆಯಬೇಕೆಂದು ಯಾರಾದರೂ ಬೀಜವನ್ನು ತಂದುಕೊಟ್ಟರೆ, ಕೊಳ್ಳುವ ತೂಕವನ್ನೂ ಕ್ರಯವನ್ನೂ ಬಿತ್ತನೆಗೆ ಮೊದಲೇ ಬರಹದಲ್ಲಿ ಪಡೆಯಬೇಕು. ತರಕಾರಿಯ ತಳಿಯೂ ಅಂಟಿನ ತಳಿಯೂ ಬೇರೆಬೇರೆಯೆಂಬುದನ್ನು ತಿಳಿದಿರಬೇಕು. ಎರಡನೆಯದಾಗಿ, ನಮ್ಮ ಇಲಾಖೆಯವರು ಬೀಜವನ್ನು ಹಂಚುವುದರಲ್ಲಿ ತೋರುವ ಉತ್ಸಾಹವನ್ನು ಪೇಟೆಯ ಸುದ್ದಿಯನ್ನು ಹಂಚುವುದರಲ್ಲಿಯೂ ತೋರಬೇಕು. ಅಮೆರಿಕಾದಲ್ಲಿ ಕೆಲಸಮಾಡುತ್ತಿರುವ ಯಂತ್ರಗಳ ಸಂಖ್ಯೆಯು ವಾರವಾರವೂ ಪ್ರಕಟವಾಗುತ್ತದೆ. ಧಾರಣೆಯ ಪಟ್ಟಿಯ ಪಕ್ಕದಲ್ಲಿ ಆ ಒಂದು ಅಂಕಿಯನ್ನು ಅಚ್ಚುಮಾಡುವುದಕ್ಕೆ ಒಂದು ಸಾಲು ಸ್ಥಳ ಸಾಕು. 2015ರಲ್ಲಿ ಬಿತ್ತನೆಗೆ ಮುನ್ನ ಆ ಸಾಲು ಕಣ್ಣಿಗೆ ಬಿದ್ದಿದ್ದರೆ ಎಷ್ಟೋ ಮಂದಿ ಎಚ್ಚತ್ತುಕೊಳ್ಳುತ್ತಿದ್ದರು. ಮೂರನೆಯದಾಗಿ, ಮಣ್ಣಿನ ಪರೀಕ್ಷೆಯನ್ನು ಮಾಡಿಸಿ ಯೂರಿಯಾವನ್ನು ಹಿತವಾಗಿಯೂ ಕಂತುಕಂತಾಗಿಯೂ ಹಾಕಿ, ಕೊಟ್ಟಿಗೆಯ ಗೊಬ್ಬರ, ಹೊಂಗೆಯ ಸೊಪ್ಪು, ಸೆಣಬು, ಅಲಸಂದೆಗಳಿಂದ ಆದಷ್ಟು ಸಾರಜನಕವನ್ನು ಹೊಲದಲ್ಲಿಯೇ ಸಂಪಾದಿಸಬೇಕು. ನಾಲ್ಕನೆಯದಾಗಿ, ಭಾರತದ ಯಾವ ಕಡೆಯಲ್ಲಿಯಾದರೂ ಬೇಸಾಯದ ನೆಲದಲ್ಲಿ ಇಂತಹ ಬಾವಿಗಳನ್ನು ಕೊರೆಯುವ ಮುನ್ನ, ಸುತ್ತಲಿನ ನೀರಿನ ಪರೀಕ್ಷೆಯನ್ನು ಸರ್ಕಾರದ ಖರ್ಚಿನಲ್ಲಿಯೇ ಮಾಡಿಸಿ, ಅದರ ಪ್ರತಿಯನ್ನು ರೈತನ ಕೈಗೆ ಕೊಡತಕ್ಕದ್ದು. ನಮ್ಮ ಕೊಡಗಿನಲ್ಲಿ ಹುಟ್ಟಿ ಹರಿಯುವ ಕಾವೇರಿಯ ಮುಖಜ ಭೂಮಿಯಲ್ಲಿ, ಷೇಲ್ ಅನಿಲವೂ ಸೇರಿದಂತೆ ತೈಲ ಅನಿಲಗಳ ಹೊಸ ಕೊರೆತವನ್ನು ತಮಿಳುನಾಡಿನವರು 2020ರ ಶಾಸನದಿಂದ ತಡೆದಿದ್ದಾರೆ. ಎಲ್ಲ ಕಡೆಯೂ ನಿಷೇಧವೇ ಬೇಕೆಂದು ನಾವು ಹೇಳುವುದಿಲ್ಲ; ಪರೀಕ್ಷೆಯಾದರೂ ಎಲ್ಲ ಕಡೆಯೂ ಬೇಕು.

ನಮ್ಮ ಹಿರಿಯರು ರಾಗಿಯ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳ ಅಕ್ಕಡಿಯನ್ನಿಡುತ್ತಿದ್ದುದು ಅಂದಕ್ಕಲ್ಲ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಲೆಂಬುದೇ ಅದರ ಮರ್ಮ. ಪರದೇಶದ ಪೇಟೆಗೆ ಬೆಳೆಯುವ ಪೈರನ್ನು ಅಕ್ಕಡಿಯ ಸಾಲಿನಲ್ಲಿಡೋಣ. ಮನೆಯ ಅನ್ನದ ಪೈರು ಮುಖ್ಯ ಸಾಲಿನಲ್ಲಿರಲಿ. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಗಾದೆಯು ಸತ್ಯವಾದುದು. ಆದರೆ ಕಣದಲ್ಲಿ ನಿಂತ ಒಕ್ಕಲಿಗನಿಗೆ ಗೊತ್ತಿರುವ ಇನ್ನೊಂದು ಸತ್ಯವುಂಟು: ಗಾಳಿಯು ನಮ್ಮದಲ್ಲ, ರಾಶಿಯು ನಮ್ಮದು.